ಐಸಮ್ಮನ ನಿಸ್ಕಾರದ ಪುಸ್ತಕ

“ಅಲಿಫ್, ಬಾ, ತಾ...” ಕಡಲತಡಿಯ ಕೋಡಿ ಎಂಬ ಊರಿನ ಒಂದು ಓಣಿಗೆ ಬೆಳಗಾಗುವುದು ಈ ಸ್ವರದಿಂದ. ಐಸಮ್ಮನ ಜಗಲಿಯಲ್ಲಿ ಹನ್ನೆರಡು ಹೆಣ್ಣುಮಕ್ಕಳು ಒಟ್ಟಿಗೆ ಹೇಳುವಾಗ ಹಿಂದಿನ ಕಡಲೂ ಅದೇ ತಾಳಕ್ಕೆ ಬಿದ್ದಂತೆ ಕೇಳುತ್ತದೆ. ಐಸಮ್ಮ ಓದಿದ್ದು ಏಳನೇ ಕ್ಲಾಸು. ಅರಬಿ ಕಲಿತದ್ದು ಅಜ್ಜಿಯ ಪಕ್ಕ ಕೂತು. ಆದರೂ ಅವಳ ಹತ್ತಿರ ಕಲಿತ ಹುಡುಗಿಯ ಉಚ್ಚಾರ ತಪ್ಪೆಂದು ಇಪ್ಪತ್ತೆಂಟು ವರ್ಷಗಳಲ್ಲಿ ಯಾರೂ ಹೇಳಿದ್ದಿಲ್ಲ.

ಈಗಿನ ಮಕ್ಕಳು ಶಾಲೆಯ ಕನ್ನಡವನ್ನು ಸಲೀಸಾಗಿ ಓದುತ್ತಾರೆಂದು ಅವಳೊಂದು ಪುಸ್ತಕ ಬರೆದಳು. ಪ್ರಾರ್ಥನೆಗೆ ನಿಲ್ಲುವುದು, ಬಾಗುವುದು, ಹೇಳುವ ಮಾತಿನ ಅರ್ಥ, ಎಲ್ಲ ನಲವತ್ತು ಪುಟದಲ್ಲಿ. ಹೆಸರು ‘ಮಕ್ಕಳ ನಿಸ್ಕಾರ’. ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ನಮಾಜಿಗೆ ಅದೇ ಹೆಸರು.

ಮದರಸದ ಹೊಸ ಉಸ್ತಾದ್ ಸಿನಾನ್ ಕೈಬರಹವನ್ನು ಗೌರವದಿಂದಲೇ ಓದಿದರು. ತಾಯಿಯನ್ನು ಕರೆಯುವಂತೆ ಕರೆದು, ಬ್ಯಾರಿ ಭಾಷೆಯಲ್ಲಿ ಹೇಳಿದರು: “ಎಲ್ಲ ಸರಿ ಇದೆ, ಉಮ್ಮಾ. ಆದರೆ ನಿಸ್ಕಾರ ಅಂದರೆ ನಮಸ್ಕಾರ. ಅದು ನಮ್ಮ ದೀನಿನ, ಧರ್ಮದ ಮಾತಲ್ಲ. ಅರಬಿಯ ಸಲಾತ್ ಅಂತ ಮಾಡಿ. ಇಲ್ಲದಿದ್ದರೆ ಮದರಸದಲ್ಲಿ ಹಂಚುವುದು ಕಷ್ಟ.”

ಮದರಸದಲ್ಲಿ ಇನ್ನೂರು ಮಕ್ಕಳು. ಆ ಇನ್ನೂರು ಕೈಗಳಿಗೆ ಪುಸ್ತಕ ಹೋಗಬೇಕೆಂದೇ ಐಸಮ್ಮ ಬರೆದದ್ದು. ಮರುದಿನ ಬಸ್ಸು ಹತ್ತಿ ಬ್ರಹ್ಮಾವರದ ಪ್ರೆಸ್ಸಿಗೆ ಹೋದಳು. ಅಲ್ಲಿ ಕಂಪ್ಯೂಟರಿನಲ್ಲಿ ಪುಟ ಜೋಡಿಸುವವಳು ಜಲಜ, ಕೋಡಿಯ ಶಾಲೆಯಲ್ಲಿ ಅವಳ ಬೆಂಚಿನವಳು.

“ಹ್ವಾಯ್ ಐಸಮ್ಮ, ಬಲೆಗೆ ಮೀನ್ ಬೀಳ್ದಿದ್ದವ್ರ್ ಕಣಗೆ ಎಂತಕೆ ಮುಖ ಮಾಡಿದ್ದ್?”

ವಿಷಯ ಕೇಳಿ ಜಲಜ ಹಗುರವಾಗಿ ಹೇಳಿದಳು: “ಇದೆಂತ ದೊಡ್ಡ ಕೆಲ್ಸ! ಒಂದ್ ನಿಮಿಷ ಸಾಕ್.” ನಿಸ್ಕಾರ ಇದ್ದಲ್ಲೆಲ್ಲ, ನಿಸ್ಕರಿಸು ಇದ್ದಲ್ಲೆಲ್ಲ ಕಂಪ್ಯೂಟರಿಗೆ ಸಲಾತ್ ಹಾಕಲು ಹೇಳಿ ಮೊದಲ ಪುಟ ತೆಗೆದು ಕೊಟ್ಟಳು. ಐಸಮ್ಮ ಗಟ್ಟಿಯಾಗಿ ಓದಿದಳು:

“ಉಮ್ಮ ಸಲಾತಿಸುವಾಗ ಮುಂದೆ ಹಾಯಬೇಡ.”

“ಸಲಾತಿಸುದಾ?” ಜಲಜ ಕುರ್ಚಿಯಿಂದ ಜಾರುವಂತೆ ನಕ್ಕಳು. “ಇದ್ ಯಾವ್ ಊರ್ ಭಾಷಿ ಮಾರಾಯ್ತಿ?”

ಐಸಮ್ಮನಿಗೂ ನಗು ಬಂತು. ಸಲಾತ್ ಅವಳು ದಿನಕ್ಕೆ ಐದು ಸಲ ಮಸೀದಿಯ ಬಾಂಗಿನಲ್ಲಿ ಕೇಳಿ ತಲೆಗೆ ಮುಸುಕೆಳೆದುಕೊಳ್ಳುವ ಮಾತು. ಆದರೆ ಏಳು ವರ್ಷದ ಹುಡುಗಿ ಎದ್ದು ಕೈಕಾಲು ತೊಳೆಯಲು ಹೋಗುವುದು ನಿಸ್ಕರಿಸು ಅಂದಾಗಲೇ.

ಆಚೆ ಮೇಜಿನಲ್ಲಿ ಊರಿನ ಸಿರಿಯನ್ ಇಗರ್ಜಿಯ ಪ್ರಾರ್ಥನೆ ಪುಸ್ತಕ ತಿದ್ದುತ್ತಿದ್ದ ಫುರ್ಟಾಡೊ ಮಾಷ್ಟ್ರು ತಮ್ಮ ಹಾಳೆಯನ್ನು ಅವಳತ್ತ ಸರಿಸಿದರು. ಅದರಲ್ಲಿ ಇಗರ್ಜಿಯ ಪೂಜೆಗೆ ‘ಪವಿತ್ರ ಕುರ್ಬಾನ’ ಎಂದಿತ್ತು.

“ನಮ್ಮ ಕುರ್ಬಾನಿ ನೀವ್ ಯಾವಾಗ ತಕಂಡದ್ದ್ ಮಾಷ್ಟ್ರೇ?”

“ನಿಮ್ಗೆ ಕೊಟ್ಟದ್ದೇ ನಮ್ಮವ್ರೋ ಏನೋ!” ಮಾಷ್ಟ್ರು ಕನ್ನಡಕ ತೆಗೆದರು. “ಇದ್ ನಮ್ಮ ಇಗರ್ಜಿಯ ಹಳೇ ಭಾಷಿ ಸುರಿಯಾನಿಯ ಮಾತ್. ಅದ್ರಲ್ಲಿ ಪ್ರಾರ್ಥನೆಗೆ ಸ್ಲೂತೊ ಅಂತ್ರ್. ನಿಮ್ಮ ಸಲಾತ್ ಆ ಕಡೆಯಿಂದ್ಲೇ ಅರಬಿಗೆ ಬಂದದ್ದ್ ಅಂತ ಓದ್ದವ್ರ್ ಹೇಳ್ತ್ರ್. ಇನ್ನ್ ನಮಾಜ್ ಪಾರ್ಸಿಯದ್ದ್. ಅದೂ ನಮಸ್ಕಾರದ ನಮಸ್ಸೂ ದಾಯಾದಿಗಳ್.”

ಐಸಮ್ಮ ಹಾಳೆಯನ್ನು ನೋಡುತ್ತ ಕೂತಳು. ಆಮೇಲೆ ನಿಧಾನವಾಗಿ ಹೇಳಿದಳು: “ಬೇರೆ ಮನೆಯಿಂದ ಬಂದ ಮಾತನ್ನ ಅಲ್ಲಾಹನ ಕಿತಾಬೇ ಬೇಡ ಅಂದಿಲ್ಲ. ನಿಸ್ಕಾರ ಬೇಡ ಅಂಬುಕೆ ನಾ ಯಾರ್? ಮೊದ್ಲಿನ ಕಣಗೇ ಮಾಡ್, ಜಲಜ. ಒಳಗಿನ ಮೊದ್ಲ್ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕ್: ಅರಬಿಯಲ್ಲಿ ಇದಕ್ಕೆ ಸಲಾತ್ ಎನ್ನುತ್ತಾರೆ, ಅದನ್ನೂ ಕಲಿ.”

“ಉಸ್ತಾದ್ರ್ ಹಂಚ್ದಿದ್ರೆ?”

“ಅದ್ ನಾ ಕಾಂತೆ.”

ಸಂಜೆ ಅಸರ್ ನಿಸ್ಕಾರ ಮುಗಿದ ಹೊತ್ತಿಗೆ ಮುಖಪುಟ ಹಿಡಿದು ಮಸೀದಿಯ ಗೇಟಿನ ಬಳಿ ನಿಂತಳು. ಉಸ್ತಾದರು ಅದನ್ನು ನೋಡಿ ಹುಬ್ಬೇರಿಸಿದರು.

“ಬದಲಾಯಿಸಲಿಲ್ಲವಾ, ಉಮ್ಮಾ?”

“ಇಲ್ಲ. ಸಲಾತ್ ಒಳಗೆ ಇದೆ, ಹೊರಗೆ ನಿಸ್ಕಾರವೇ. ನಿಮ್ಮ ಉಮ್ಮ ಫೋನ್ ಮಾಡಿದರೆ ಎಂತ ಕೇಳುತ್ತಾರೆ?”

ಉಸ್ತಾದರು ಗಡ್ಡ ಸವರಿಕೊಂಡರು. “ನಿಸ್ಕಾರ ಆಯಿತಾ ಅಂತ.”

“ನೀವು ಹೌದು ಅನ್ನುತ್ತೀರಿ ತಾನೆ?”

ಅವರು ನಕ್ಕುಬಿಟ್ಟರು. “ನಾನು ಹಂಚುತ್ತೇನೆ, ಉಮ್ಮಾ. ಆದರೆ ಕಮಿಟಿ ಒಪ್ಪಬೇಕಲ್ಲ.”

“ಕಮಿಟಿಯ ಒಂಬತ್ತು ಮಂದಿಯಲ್ಲಿ ನಾಲ್ವರ ಹೆಂಡತಿಯರು ನನ್ನ ಹತ್ತಿರ ಕಲಿತವರು,” ಎಂದಳು ಐಸಮ್ಮ. ಮುಖಪುಟವನ್ನು ಕಂಕುಳಿಗೆ ಸಿಕ್ಕಿಸಿ ಆಗಲೇ ಹೆಜ್ಜೆ ಹಾಕಿದ್ದಳು. “ಮೊದಲು ಅಧ್ಯಕ್ಷರ ಮನೆ. ಆಮೇಲೆ ಮೀನಿಗೆ ಮಂಜುಗಡ್ಡೆ ಮಾರುವವನದ್ದು; ಅವನ ಹೆಂಡತಿಯ ಗಂಟಲಿಂದ ‘ಐನ್’ ಅಕ್ಷರ ಹೊರಡಿಸಲು ನಾನು ಪಟ್ಟ ಪಾಡು ಅವನಿಗೂ ಗೊತ್ತುಂಟು. ಅಲ್ಲಿಂದ ನೇರ ಉಳಿದಿಬ್ಬರ ಮನೆ. ಐದನೆಯವನನ್ನು ಆ ನಾಲ್ವರೇ ಒಪ್ಪಿಸುತ್ತಾರೆ.”