ಗೆದ್ದವನ ಮುಖ

ಹದಿನಾರು ಅನ್ನೋ ಊರಿನ ನನ್ನ ಟೀ ಅಂಗಡಿಗೆ ಪೇಪರ್ ಬರುವುದೇ ತಡ, ಗುರುಮಲ್ಲಪ್ಪ ಹಾಜರು. ರಾಜಕೀಯ, ಮಳೆ, ಚಿನ್ನದ ರೇಟು ಯಾವುದೂ ಆತನಿಗೆ ಬೇಡ. ದಿನಾ ಕಚ್ಚಾಡುವ ಗಂಡ ಹೆಂಡಿರ ಕಾರ್ಟೂನನ್ನು ಗಟ್ಟಿಯಾಗಿ ಓದಿ, "ಇವ್ನಿಗೆ ಬುದ್ಧಿ ಬರಾಕಿಲ್ಲ ಕಣ್ರಪ್ಪ" ಎಂದು ಗಂಡನನ್ನು ಬೈಯಬೇಕು, ಅಷ್ಟೇ. ನಾವೆಲ್ಲ ನಕ್ಕು ಟೀ ಚೆಲ್ಲಿಕೊಳ್ಳುತ್ತೇವೆ.

ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಆತ ಪೇಪರನ್ನು ಮನೆಗೇ ಒಯ್ಯುತ್ತಿದ್ದ. ಹೆಂಡತಿ ಶಿವನಂಜಮ್ಮನಿಗೆ ಓದು ಬಾರದು. ಕಾರ್ಟೂನಿನಲ್ಲಿ ಹೆಚ್ಚಾಗಿ ಸೋಲುವವನು ಗಂಡನೇ. ಈತ ಮಾತ್ರ ಸುಳ್ಳು ಸುಳ್ಳೇ ಅವನನ್ನು ಗೆಲ್ಲಿಸಿ ಓದುತ್ತಿದ್ದ. ಆಕೆ ಸೊಪ್ಪು ಸೋಸುತ್ತಲೇ ಬಗ್ಗಿ ಚಿತ್ರ ನೋಡಿ, "ಗೆದ್ದೋನ್ ಮಕ ಇಂಗಿದ್ದದಾ? ನೆಟ್ಗೆ ಓದು" ಎನ್ನುತ್ತಿದ್ದಳು. ಆಮೇಲೆ ಅವರಿಬ್ಬರದೇ ಜಗಳ. ಆಕೆ ತೀರಿಕೊಂಡು ಎರಡು ವರ್ಷವಾಯಿತು.

ಮೊನ್ನೆಯೂ ಆತ ಓದಿದ. ಎಂದಿನಂತೆ ಹೆಂಡತಿ ಗೆದ್ದಳು, ನಾವು ನಕ್ಕೆವು. ಆತ ಎದ್ದುಹೋದ ಮೇಲೆ ಅದೇ ಹಾಳೆಯಲ್ಲಿ ವಡೆ ಕಟ್ಟಲು ಹೋಗಿ ಚಿತ್ರ ನೋಡಿದೆ. ಹೆಂಡತಿ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಗಂಡ ಮೀಸೆ ತಿರುವುತ್ತಿದ್ದ. ನನಗೆ ಸಿಟ್ಟೇ ಬಂತು. ಪೇಪರ್ ತರಿಸುವವನು ನಾನು, ಮೋಸ ಹೋಗುವವನೂ ನಾನೇ?

ಮಾರನೆಯ ದಿನ ಆತ ಬಂದಾಗ ಕೇಳಿಯೇಬಿಟ್ಟೆ. "ನೆನ್ನೆ ಗಂಡ ಗೆದ್ದಿದ್ದ. ಯಾಕಯ್ಯ ಸುಳ್ಳು ಓದ್ದೆ?"

ಗುರುಮಲ್ಲಪ್ಪ ಪೇಪರ್ ಮಡಿಸಿಟ್ಟ.

"ಬೇಕಂತ್ಲೇ ಓದ್ದೆ. ಅಷ್ಟು ಜನ ಕೂತಿದ್ರಲ್ಲ, ನೆಟ್ಗೆ ಓದು ಅಂತ ಒಬ್ಬನಾದ್ರೂ ಅಂದ್ನಾ?"