ಅಚ್ಚುತ ಒರೆಸಿದ ನಕ್ಷತ್ರಗಳು

ಬೆಳ್ಳಾರೆಯಲ್ಲಿ ನನ್ನ ಟೈಲರ್ ಅಂಗಡಿಗೆ ಎದುರಾಗಿ ಅಚ್ಚುತನ ಸ್ಟುಡಿಯೋ. ಮೂವತ್ತು ವರ್ಷದಿಂದ ಊರಿನ ಮದುಮಕ್ಕಳ ಮುಖ ಹಾಳು ಮಾಡಿ ಬದುಕಿದ ಮನುಷ್ಯ. ಮಚ್ಚೆ, ಮೊಡವೆ, ನಕ್ಕಾಗ ಮೂಡುವ ಗೆರೆ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದೇ ಗುಂಡಿ ಒತ್ತಿ ನಯ ಮಾಡಿಬಿಡುತ್ತಾನೆ. ನನ್ನ ಮಗಳು ಸುರಕ್ಷಾಳ ಆಲ್ಬಮ್ ನೋಡಿ, ಇದು ಯಾರ ಮದುವೆಯದು ಎಂದು ನಾನೇ ಕೇಳಿದ್ದೆ. ಕೇಳಿದ್ದಕ್ಕೆ ಆ ಪುಣ್ಯಾತ್ಮನಿಗೆ ಸಿಟ್ಟು ಬೇರೆ.

ಅವನಲ್ಲಿ ಕೆಲಸಕ್ಕಿದ್ದವಳು ರಮ್ಲತ್. ಊಟದ ಬಿಡುವಿನಲ್ಲಿ ಅವಳದ್ದೇ ಒಂದು ಕೆಲಸವಿತ್ತು. ಬಾಹ್ಯಾಕಾಶದ ದೂರದರ್ಶಕ ತೆಗೆದ ಕಪ್ಪುಬಿಳುಪು ಚಿತ್ರಗಳು ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವಂತೆ. ಅವಳು ಆರಿಸಿಕೊಂಡದ್ದು ದೂರದ ಒಂದು ನಕ್ಷತ್ರಗುಚ್ಛ. ಚೆಂಡಿನ ಹಾಗೆ ಒತ್ತಾಗಿ ಸೇರಿದ ಲಕ್ಷಾಂತರ ನಕ್ಷತ್ರ. ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ ಬಣ್ಣ ಕೊಡುತ್ತಿದ್ದಳು. ಒಂದರಲ್ಲಿ ಮಾತ್ರ ಕಂಡು ಉಳಿದವುಗಳಲ್ಲಿ ಕಾಣದ ಚುಕ್ಕೆ ನಕ್ಷತ್ರವಲ್ಲ, ಬಾಹ್ಯಾಕಾಶದ ವಿಶ್ವಕಿರಣ ಕ್ಯಾಮೆರಾಕ್ಕೆ ಬಡಿದು ಆದ ಕಲೆ. ಅಂಥದ್ದನ್ನು ಮಾತ್ರ ಹುಡುಕಿ ತೆಗೆಯುತ್ತಿದ್ದಳು. ನಾಲ್ಕು ತಿಂಗಳು ಹಿಡಿಯಿತು. ಇಷ್ಟು ಚುಕ್ಕೆ ಇದ್ದರೆ ಎಂತ ಚಂದ ಎಂದು ಅಚ್ಚುತ ಮೂಗು ಮುರಿದ.

ಮಂಗಳೂರಿನ ತಾರಾಲಯದಲ್ಲಿ ಆಕಾಶದ ಚಿತ್ರ ಮಾಡುವ ಕೆಲಸವೊಂದು ಖಾಲಿ ಇತ್ತು. ಸ್ವಂತ ಚಿತ್ರವೊಂದನ್ನು ದೊಡ್ಡದಾಗಿ ಮುದ್ರಿಸಿ ತರಬೇಕಿತ್ತು. ಇದು ತಪ್ಪಿದರೆ ಸಾಯುವ ತನಕ ಮೊಡವೆ ಒರೆಸುವುದೇ ಗತಿ ಎಂದು ರಮ್ಲತ್ ನನ್ನ ಬಳಿ ಹೇಳಿದ್ದಳು. ಪ್ರಿಂಟಿಂಗ್ ಯಂತ್ರವನ್ನು ಅಚ್ಚುತ ಬೇರೆಯವರಿಗೆ ಮುಟ್ಟಗೊಡುವವನಲ್ಲ. ತಾನೇ ಮುದ್ರಿಸಿ, ಸುರುಳಿ ಸುತ್ತಿ ಕೊಟ್ಟ. ಮಂಗಳೂರಿಗೆ ಹೋಗಲು ಹಿಡಿಯಬೇಕಾದ ಪುತ್ತೂರಿನ ಬಸ್ಸು ಹೊರಟು ನಿಂತಿತ್ತು. ಅವಳು ಬಿಚ್ಚಿ ನೋಡದೆ ಹತ್ತಿದಳು.

ಸಂದರ್ಶನ ಮಾಡಲು ಕೂತಿದ್ದ ಪ್ರಣೀತಾ ಎಂಬವರ ಮುಂದೆ ಬಿಚ್ಚಿದರೆ, ಮೊಸರು ಚೆಲ್ಲಿದ ಹಾಗೆ ಬರೀ ಬಿಳಿ ಮಸುಕು. ಆ ಮಂಡೆ ಇಲ್ಲದವ ಮದುಮಗಳಿಗೆ ಒತ್ತುವ ಗುಂಡಿಯನ್ನೇ ಇದಕ್ಕೂ ಒತ್ತಿದ್ದ! ನಕ್ಷತ್ರ ಎಲ್ಲಿ ಎಂದು ಅವರು ಕೇಳಿದಾಗ ರಮ್ಲತ್‌ಳ ಕಣ್ಣು ತುಂಬಿತಂತೆ. ಪುಣ್ಯಕ್ಕೆ ಪೆನ್‌ಡ್ರೈವ್ ಚೀಲದಲ್ಲಿತ್ತು. ಮೂಲ ಚಿತ್ರಗಳನ್ನು ತೆರೆದು, ಯಾವ ಚುಕ್ಕೆ ಯಾಕೆ ತೆಗೆದೆ, ಯಾವುದನ್ನು ಯಾಕೆ ಉಳಿಸಿದೆ ಎಂದು ಒಂದು ಗಂಟೆ ವಿವರಿಸಿದಳು. ಕೆಲಸ ಸಿಕ್ಕಿತು.

ಮರುದಿನ ಬಂದು ಸುರುಳಿಯನ್ನು ಅವನ ಮೇಜಿನ ಮೇಲಿಟ್ಟಳು.

"ಅಚ್ಚುತಣ್ಣ, ಇದು ನೀವು ಮಾಡಿದ್ದು. ನೀವೇ ಇಟ್ಕೊಳ್ಳಿ."

ನಾಚಿಕೆ ಇದ್ದವನಾದರೆ ಹರಿದು ಬಿಸಾಡುತ್ತಿದ್ದ. ಇವನು ಫ್ರೇಮು ಹಾಕಿಸಿ ಬಾಗಿಲಿನ ಎದುರೇ ತೂಗು ಹಾಕಿದ್ದಾನೆ. ಆಲ್ಬಮ್ ಮಾಡಿಸಲು ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಾನೆ.

"ನಮ್ಮ ರಮ್ಲತ್‌ಗೆ ಕೆಲಸ ಸಿಕ್ಕಿದ್ದು ಇದರಿಂದಲೇ ಮಾರಾಯ್ರೆ. ಲಕ್ಷಗಟ್ಟಲೆ ಚುಕ್ಕೆ ಇತ್ತು. ಒಂದೂ ಬಿಡದೆ ತೆಗೆದದ್ದು ನಾನು."