ಕೆಂಪು ಗೆರೆಯ ಮೇಲೊಂದು ಹೆಬ್ಬೆಟ್ಟು

ಮಳೆ ಬಂದರೆ ಶಾಲೆಯ ಹೆಂಚು ಸೋರುತ್ತದೆ ಎಂದೂ, ಬರದಿದ್ದರೆ ಮಕ್ಕಳೆಲ್ಲ ಬಿಂದಿಗೆ ಹಿಡಿದು ನೀರಿಗೆ ಹೋಗಿ ಹಾಜರಿ ಬೀಳುತ್ತದೆ ಎಂದೂ ಹೆದರುತ್ತಿದ್ದವನು ನಾನು. ಬಸ್ಸು ಕಣ್ಣೆದುರು ನಿಂತಿದ್ದರೂ ಅದು ತಪ್ಪಿದರೆ ಏನು ಗತಿ ಎಂದು ಯೋಚಿಸುತ್ತಾ ನಿಂತು, ಒಮ್ಮೆ ಅದನ್ನು ನಿಜವಾಗಿಯೇ ತಪ್ಪಿಸಿಕೊಂಡಿದ್ದೇನೆ. ಈಗ ತಲೆ ಅರ್ಧ ನರೆತಿದೆ, ಇನ್ನರ್ಧ ಖಾಲಿಯಾಗಿದೆ. ಚಿಂತೆ ಮಾತ್ರ ಇನ್ನೂ ಹರೆಯದ್ದೇ. ಇಷ್ಟೆಲ್ಲ ಚಿಂತೆ ಮಾಡಿದವನು ಒಂದೇ ಒಂದು ಸಂಗತಿಗೆ ಚಿಂತಿಸಬೇಕಾದ ಹೊತ್ತಿನಲ್ಲಿ ಚಿಂತಿಸಲಿಲ್ಲ. ಅದನ್ನು ಬರೆಯಲು ಕೂತಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ಗೌರಿಬಿದನೂರಿನಿಂದ ನಗರಗೆರೆ ಕಡೆ ಹೋಗುವ ಬಸ್ಸಿನಲ್ಲಿ ಕೂತು, ದಾರಿಯಲ್ಲಿ ಇಳಿದು, ಎರಡು ಮೈಲಿ ನಡೆದರೆ ನನ್ನ ಶಾಲೆ. ಎರಡು ಕೋಣೆ, ಇಬ್ಬರು ಮೇಷ್ಟ್ರು. ಹೆಡ್‌ಮೇಷ್ಟ್ರು ಒಂದು ಎರಡನೇ ಕ್ಲಾಸನ್ನು ಇಟ್ಟುಕೊಂಡು, ಮೂರು ನಾಲ್ಕನ್ನು ನನ್ನ ಕೊರಳಿಗೆ ಕಟ್ಟಿದ್ದರು. ಗಣಿತ ಹೇಗೋ ನಡೆಯುತ್ತಿತ್ತು. ಇತಿಹಾಸ ಬಂದರೆ ಮಕ್ಕಳು ತೂಕಡಿಸುತ್ತಿದ್ದರು. ದೆಹಲಿಯ ದೊರೆಯೊಬ್ಬನ ಪಾಠವನ್ನು ಕೈ ಬೀಸಿ, ಕಣ್ಣು ಕೆಂಪು ಮಾಡಿ ಹೇಳಿ ಮುಗಿಸಿದ ಮೇಲೆ ಒಬ್ಬಳು ಕೇಳಿದಳು:

“ಈ ದೊರೆ ಹಿಂದೂಪುರದ ಕಡೆಯೋರಾ ಸಾ?”

“ಅಲ್ಲ ಕಣಮ್ಮ, ದೆಹಲಿ.”

“ನೀವು ನೋಡಿದ್ರಾ ಸಾ ಅವರನ್ನ?”

“ನಾನೇನು ಅಷ್ಟು ಮುದುಕನೇನೇ?”

“ಕೂದ್ಲು ಉದುರೈತಲ್ಲ ಸಾ,” ಎಂದು ಹಿಂದಿನಿಂದ ಇನ್ನೊಂದು ದನಿ.

ನನಗಾಗ ಇಪ್ಪತ್ತೇಳು. ಸಾಯಂಕಾಲ ಮನೆಗೆ ಹೋಗಿ ಕನ್ನಡಿ ನೋಡಿಕೊಂಡೆ. ದೆಹಲಿ ಬೇಡ, ಹತ್ತಿರದ್ದನ್ನೇ ಹೇಳೋಣ ಎಂದು ತೀರ್ಮಾನಿಸಿದೆ. ಹತ್ತಿರವೆಂದರೆ ವಿದುರಾಶ್ವತ್ಥ. ಅಶ್ವತ್ಥಮರದ ಸುತ್ತಲಿನ ನಾಗರಕಲ್ಲುಗಳನ್ನು ಆ ಮಕ್ಕಳಲ್ಲಿ ನೋಡದವರು ಯಾರೂ ಇರಲಿಲ್ಲ. ಸ್ವಾತಂತ್ರ್ಯ ಬರುವುದಕ್ಕೆ ಮೊದಲು ಅಲ್ಲಿ ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಹೇಳಿದೆ. ಒಬ್ಬರೂ ತೂಕಡಿಸಲಿಲ್ಲ. ಆ ಹುಮ್ಮಸ್ಸಿನಲ್ಲಿ, “ನಿಮ್ಮನೇಲಿ ವಯಸ್ಸಾದೋರನ್ನ ಕೇಳ್ಕೊಂಡು ಬನ್ರಪ್ಪ, ಆವತ್ತು ಅವರೆಲ್ಲಿದ್ರು ಅಂತ,” ಎಂದೆ.

ಮಾರನೆಯ ದಿನ ಕೈಗಳು ಎದ್ದವು. ಒಬ್ಬನ ತಾತ ಆವತ್ತು ಕುರಿ ಕಾಯುತ್ತಿದ್ದನಂತೆ. ಇನ್ನೊಬ್ಬಳ ತಾತ ಆಗಿನ್ನೂ ಹುಟ್ಟಿರಲಿಲ್ಲವಂತೆ, ಆದರೂ ಎಲ್ಲ ನೋಡಿದ್ದಾನಂತೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊನೆಗೆ ಗೋಡೆಗೊರಗಿ ಕೂರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ನಾಲ್ಕನೇ ಕ್ಲಾಸು, ಮಾತು ಕಡಿಮೆ. ಮನೆಮಾತು ತೆಲುಗಾದ್ದರಿಂದ ಕನ್ನಡವನ್ನು ಒಂದೊಂದೇ ಪದ ಹೆಕ್ಕಿ ಜೋಡಿಸುವಳು.

ಅವಳ ಅಜ್ಜಿ ಆಗ ಹೊಸದಾಗಿ ಮದುವೆಯಾಗಿ ಬಂದವಳು. ಮಕ್ಕಳಾಗಲೆಂದು ಅತ್ತೆಯ ಜೊತೆ ನಾಗಪ್ಪನಿಗೆ ಹಾಲೆರೆಯಲು ಆವತ್ತು ಅಲ್ಲಿಗೆ ಹೋಗಿದ್ದಳು. ಗುಂಡಿನ ಸದ್ದಿಗೆ ಜನ ಚೆಲ್ಲಾಪಿಲ್ಲಿಯಾದಾಗ ಅತ್ತೆ ಸೊಸೆ ನಾಗರಕಲ್ಲುಗಳ ಹಿಂದೆ ಕೂತರು. ಪಕ್ಕದಲ್ಲೇ ಒಬ್ಬ ಬಿದ್ದು ನೀರು ನೀರು ಎಂದ. ನೀರಿರಲಿಲ್ಲ. ಸೊಸೆ ಚೊಂಬಿನ ಹಾಲನ್ನು ಅವನ ಬಾಯಿಗೆ ಹಾಕಿದಳು.

ಕ್ಲಾಸು ಕಲ್ಲಿನಂತೆ ಕೂತಿತ್ತು. ನಾನೂ. ಆಮೇಲೆ ಮೂರನೇ ಕ್ಲಾಸಿನ ಒಬ್ಬ ಹುಡುಗ, “ನಾಗಪ್ಪನ ಹಾಲು ಕುಡಿಸಿಬಿಟ್ರೆ ನಾಗಪ್ಪ ಸುಮ್ನಿರ್ತಾನಾ ಸಾ?” ಎಂದ. ಗಂಟೆ ಹೊಡೆಯಿತೆಂದು ನೆನಪು. ಅಥವಾ ನಾನೇ ಹೊಡೆಸಿದೆನೋ.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಶಾಲೆಯ ತಪಾಸಣೆಗೆ ಬರುತ್ತಾರೆಂಬ ಸುದ್ದಿ ಬಂತು. ನನ್ನ ನಿದ್ದೆ ಹಾರಿಹೋಯಿತು. ಅವರು ಮಕ್ಕಳನ್ನು ಪ್ರಶ್ನೆ ಕೇಳುತ್ತಾರೆ, ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿರುವಿ ಹಾಕುತ್ತಾರೆ. ಕುರಿ ಕಾಯುತ್ತಿದ್ದ ತಾತನನ್ನು ಯಾರಾದರೂ ಬರೆದುಬಿಟ್ಟರೆ? ನಾಲ್ಕು ವಾಕ್ಯಗಳ ಒಂದು ಉತ್ತರವನ್ನು ಬೋರ್ಡಿನ ಮೇಲೆ ಬರೆದು, ಎಲ್ಲರಿಗೂ ಬಾಯಿಪಾಠ ಮಾಡಿಸಿದೆ. ಮುಂಜಾನೆ ಒಂದು ಸಲ, ಬಿಡುವ ಮುಂಚೆ ಒಂದು ಸಲ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೊಟ್ಟೆ: ಸ್ವಾತಂತ್ರ್ಯಕ್ಕಾಗಿ ನಮ್ಮ ತಾಲ್ಲೂಕಿನ ಜನ ಹೇಗೆ ಹೋರಾಡಿದರು? ನಾಲ್ಕು ಅಂಕ.

ಎಲ್ಲರೂ ಬೋರ್ಡನ್ನೇ ಇಳಿಸಿದ್ದರು. ಅವಳೊಬ್ಬಳು ಹೀಗೆ ಬರೆದಿದ್ದಳು:

“ನಮ್ಮ ಅಜ್ಜಿ ಸ್ವಾತಂತ್ರ್ಯಕ್ಕಾಗಿ ಹೋರಾಡಿದರು. ಗುಂಡು ಹಾರಿಸಿದಾಗ ಅವರು ನಾಗರಕಲ್ಲಿನ ಹಿಂದೆ ಕೂತಿದ್ದರು. ಒಬ್ಬ ಮನುಷ್ಯ ಬಿದ್ದು ನೀರು ಕೇಳಿದನು. ನಮ್ಮ ಅಜ್ಜಿ ನಾಗಪ್ಪನ ಹಾಲನ್ನು ಅವನಿಗೆ ಕುಡಿಸಿದರು.”

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ ಎಂದು ಬರೆದರೆ ನನಗೆ ಮರ್ಯಾದೆ. ಆದರೆ ಹಾಗೇನೂ ಆಗಲಿಲ್ಲ. ಅಡ್ಡಕ್ಕೊಂದು ಗೆರೆ, ಅದರ ಮೇಲೊಂದು ಗೆರೆ, ಪಕ್ಕದಲ್ಲಿ ಸೊನ್ನೆ. ಮೂವತ್ತು ಪತ್ರಿಕೆಯಲ್ಲಿ ಒಂದು ಮಾತ್ರ ಬೇರೆ ಥರ ಇದ್ದು, ಅದಕ್ಕೂ ಅಂಕ ಕೊಟ್ಟಿದ್ದರೆ ಇನ್‌ಸ್ಪೆಕ್ಟರ್ ಯಾಕೆ ಎಂದು ಕೇಳುತ್ತಿದ್ದರು. ನನಗೆ ಯಾಕೆ ಎಂದು ಕೇಳುವವರನ್ನು ಕಂಡರೆ ಆಗುತ್ತಿರಲಿಲ್ಲ.

ಇಲ್ಲಿ ನನ್ನದೇ ಒಂದು ಪದ್ಧತಿಯನ್ನು ಹೇಳಬೇಕು. ಹಿಂದೊಮ್ಮೆ ಒಬ್ಬ ತಂದೆ, ಮಗ ಫೇಲಾದದ್ದನ್ನು ಯಾರೂ ತನಗೆ ತಿಳಿಸಲಿಲ್ಲವೆಂದು ಶಾಲೆಯ ಬಾಗಿಲಲ್ಲಿ ನಿಂತು ಕೂಗಾಡಿದ್ದರು. ಅಂದಿನಿಂದ ಪ್ರತಿ ಉತ್ತರಪತ್ರಿಕೆಯನ್ನೂ ಮನೆಗೆ ಕಳಿಸಿ ಹಿರಿಯರ ಸಹಿ ತರಿಸುತ್ತಿದ್ದೆ. ಊರಿನಲ್ಲಿ ಸಹಿ ಹಾಕಲು ಬರುತ್ತಿದ್ದವರು ಏಳೆಂಟು ಮಂದಿ. ಮಿಕ್ಕವರಿಗಾಗಿ ಮುಲಾಮಿನ ಖಾಲಿ ಡಬ್ಬಿಯಲ್ಲಿ ಹತ್ತಿಯಿಟ್ಟು, ಮಸಿ ಸುರಿದು ಕೊಡುತ್ತಿದ್ದೆ. ಆ ಡಬ್ಬಿ ಪತ್ರಿಕೆಗಳ ಜೊತೆ ಮನೆಯಿಂದ ಮನೆಗೆ ಹೋಗಿ, ಹೆಬ್ಬೆಟ್ಟುಗಳನ್ನು ಒತ್ತಿಸಿಕೊಂಡು ಬರುತ್ತಿತ್ತು. ಹೆಬ್ಬೆಟ್ಟಿಗೆಂದು ಕೊನೆಯ ಪುಟದ ಕೆಳಗೆ ನಾನೇ ಸ್ಕೇಲಿಟ್ಟು ಗೆರೆ ಹಾಕಿರುತ್ತಿದ್ದೆ.

ಆ ಹುಡುಗಿಯ ಪತ್ರಿಕೆ ಬಂದಾಗ ಕೆಳಗಿನ ಗೆರೆ ಖಾಲಿಯಿತ್ತು. ಹೆಬ್ಬೆಟ್ಟು ಒಳಪುಟದಲ್ಲಿತ್ತು. ಆ ನಾಲ್ಕು ವಾಕ್ಯಗಳ ಮೇಲೆ, ನನ್ನ ಕೆಂಪು ಗೆರೆಗಳು ಸೇರುವ ಕಡೆ, ಸರಿಯಾಗಿ ನಡುವೆ.

“ಏನೇ ಇದು? ಎಲ್ಲಿ ಒತ್ತಿಸಬೇಕು ಅಂದಿದ್ದೆ?” ಎಂದು ನಾನು ಮೊದಲು ಗದರಿದ್ದು ಜಾಗ ತಪ್ಪಿದ್ದಕ್ಕೆ.

ಅವಳು ಲಂಗದ ಅಂಚು ಹಿಡಿದು ನಿಂತಳು. “ನಂದು ಎಲ್ಲೈತೆ ತೋರ್ಸು ಅಂದ್ಲು ಸಾ ಅಜ್ಜಿ. ತೋರ್ಸ್ದೆ. ಓದು ಅಂದ್ಲು, ಓದ್ದೆ. ಈ ಕೆಂಪು ಯಾಕೆ ಅಂದ್ಲು. ಸೊನ್ನೆ ಕೊಟ್ಟವ್ರೆ ಅಂದೆ. ಅಲ್ಲೇ ಒತ್ತಿಬಿಟ್ಲು.”

ಅವತ್ತು ಸಂಜೆ ಅವರ ಮನೆಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತಿದ್ದಳು. “ರಾಂಡಿ, ಕೂರ್ಚೋಂಡಿ,” ಎಂದು ತೆಲುಗಿನಲ್ಲಿ ಕರೆದು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿ, ನನಗಾಗಿ ಕನ್ನಡಕ್ಕೆ ತಿರುಗಿದಳು. ಬಲಗೈ ಹೆಬ್ಬೆರಳು ಇನ್ನೂ ನೀಲಿಯಿತ್ತು.

“ಅಮ್ಮ, ಅದು ಪರೀಕ್ಷೆ ಲೆಕ್ಕ. ನೀವು ಮಾಡಿದ್ದಕ್ಕೆ ಅಲ್ಲ ಸೊನ್ನೆ,” ಎಂದು ಶುರುಮಾಡಿದೆ.

“ಬಿಡಿ ಮೇಷ್ಟ್ರೇ. ನಾನು ಮಾಡಿದ್ದು ತಪ್ಪು ಅಂತ ನಮ್ಮತ್ತೆನೂ ಅಂದಿದ್ಲು. ನಾಗಪ್ಪನ ಹಾಲು ಕಂಡೋರ ಬಾಯಿಗೆ ಹಾಕಿದ್ಯಲ್ಲೇ ಅಂತ. ಮೊದಲ ಎರಡು ಮಕ್ಕಳು ಉಳೀಲಿಲ್ಲ. ಸಾಯೋ ತಂಕ ಅದನ್ನೇ ಅಂದ್ಲು. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ. ಈ ಮಗು ಬಂದು, ಅಜ್ಜಿ ನೀನು ದೊಡ್ಡ ಕೆಲ್ಸ ಮಾಡಿದೀಯ, ನಮ್ ಸ್ಕೂಲಲ್ಲಿ ಎಲ್ರೂ ಸುಮ್ನೆ ಕೂತು ಕೇಳಿದ್ರು ಅಂತು. ಹೌದೇನೋ ಅನ್ಕೊಂಡೆ.” ಸುಲಿದ ಬೀಜವನ್ನು ಮೊರದಲ್ಲಿ ಹರವಿದಳು. “ಈಗ ನೀವೂ ಓದಿದೋರು ಅದೇ ಅಂದ್ರಲ್ಲ. ಸರಿ ಅಂತ ಒತ್ಬಿಟ್ಟೆ. ಆಯ್ತು.”

“ನಾಳೆನೇ ತಿದ್ದಿ ಕಳಿಸ್ತೀನಿ ಅಮ್ಮ. ನಾಲ್ಕಕ್ಕೆ ನಾಲ್ಕು.”

“ತಿದ್ದಿದ್ರೆ ತಿದ್ದಿ,” ಎಂದು ಒಂದು ಹಿಡಿ ಕಡಲೆಕಾಯಿಯನ್ನು ನನ್ನ ಕೈಗೆ ಹಾಕಿದಳು. ಇನ್ನೂ ಏನೋ ಹೇಳುವವಳಂತೆ ನನ್ನ ಮುಖ ನೋಡುತ್ತಿದ್ದಳು. ನಾನು ಕೈಗಡಿಯಾರ ನೋಡಿಕೊಂಡೆ. ಕೊನೆಯ ಬಸ್ಸಿಗೆ ಎರಡು ಮೈಲಿ ನಡೆಯಬೇಕಿತ್ತು. ಎದ್ದೆ.

ಮಾರನೆಯ ದಿನ ತಿದ್ದಲಿಲ್ಲ. ಅಂಕಗಳು ರಿಜಿಸ್ಟರಿಗೆ ಏರಿದ್ದವು, ತಿದ್ದಿದರೆ ಮೊತ್ತ ಬದಲಾಗುತ್ತಿತ್ತು, ಹೆಡ್‌ಮೇಷ್ಟ್ರು ಕೇಳುತ್ತಿದ್ದರು. ಇನ್‌ಸ್ಪೆಕ್ಟರ್ ಬಂದು ಹೋಗಲಿ ಎಂದುಕೊಂಡೆ. ಅವರು ಬಂದರು, ಬಾಳೆಹಣ್ಣು ತಿಂದರು, ಉತ್ತರಪತ್ರಿಕೆಯ ಕಟ್ಟನ್ನು ಬಿಚ್ಚಿ ಕೂಡ ನೋಡದೆ ಹೋದರು. ಬೇಸಿಗೆ ರಜೆ ಬಂತು. ರಜೆ ಮುಗಿಯುವ ಮೊದಲೇ ನನಗೆ ಶಿಡ್ಲಘಟ್ಟದ ಕಡೆಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಆ ಒಂದು ಪತ್ರಿಕೆಯನ್ನು ಮಾತ್ರ ಪೆಟ್ಟಿಗೆಗೆ ಹಾಕಿಕೊಂಡೆ. ತಿದ್ದಿ ಅಂಚೆಯಲ್ಲಿ ಕಳಿಸಿದರಾಯಿತೆಂದು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋದಾಗ ಆ ಪೆಟ್ಟಿಗೆಯೂ ಬಂತು. ಮದುವೆಯಾಯಿತು, ಮಕ್ಕಳಾದವು, ಪೆಟ್ಟಿಗೆ ಅಟ್ಟ ಸೇರಿತು. ಕೆಂಪು ಪೆನ್ನಿನಿಂದ ಹಾಕಿದ್ದನ್ನು ಯಾವ ಬಣ್ಣದಲ್ಲಿ ತಿದ್ದಬೇಕೆಂಬುದು ಕೂಡ ನನಗೊಂದು ದೊಡ್ಡ ಸಮಸ್ಯೆಯಾಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ, ಯಾವುದೋ ತರಬೇತಿಗೆಂದು ಗೌರಿಬಿದನೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಎದುರು ನಿಂತು, “ಸಾ, ಗುರುತು ಸಿಗಲಿಲ್ವಾ?” ಎಂದಳು. ಆ “ಸಾ” ಕೇಳಿದ್ದೇ ಸಿಕ್ಕಿತು, ಗೋಡೆಗೊರಗಿ ಕೂರುತ್ತಿದ್ದ ಹುಡುಗಿ. ಮದುವೆಯಾಗಿ ಚಿಕ್ಕಬಳ್ಳಾಪುರದಲ್ಲಿ ಇದ್ದಾಳಂತೆ, ಹೊಲಿಗೆ ಕೆಲಸ ಮಾಡುತ್ತಾಳಂತೆ. “ಕೂದ್ಲು ಅರ್ಧ ಹೋಯ್ತಲ್ಲ ಸಾ,” ಎಂದು ನಕ್ಕಳು. ಅಜ್ಜಿ ಹೇಗಿದ್ದಾರೆ ಎಂದೆ.

“ಹೋಗಿ ಆರು ವರ್ಷ ಆಯ್ತು ಸಾ.”

ನಿಂತಲ್ಲೇ ಅವಳಿಗೆ ಪತ್ರಿಕೆಯ ವಿಷಯ ಹೇಳಿದೆ. ತಿದ್ದುತ್ತೇನೆಂದವನು ತಿದ್ದಲಿಲ್ಲ, ಇನ್ನೂ ನನ್ನ ಹತ್ತಿರವೇ ಇದೆ ಎಂದೆ. ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು.

“ಪರೀಕ್ಷೆ ನೆನಪಿಲ್ಲ ಸಾ. ಅಜ್ಜಿ ಬೆರಳಿನ ಮಸಿ ನೆನಪೈತೆ. ಸೀಗೆಪುಡಿ ಹಾಕಿ ಉಜ್ಜಿದ್ರೂ ಹೋಗ್ತಿರ್ಲಿಲ್ಲ. ಆಮೇಲೆ ವಿದುರಾಶ್ವತ್ಥದ ಕತೆ ಹೇಳು ಅಂತ ಎಷ್ಟು ಕಾಡಿದ್ರೂ ಹೇಳ್ಲಿಲ್ಲ. ನನಗೂ ಮರ್ತೇ ಹೋಯ್ತು. ಏನೋ ಹಾಲಿಂದು ಅಲ್ವಾ ಸಾ? ನಾನೇನು ಬರ್ದಿದ್ದೆ?”

ಚಿಕ್ಕಬಳ್ಳಾಪುರದ ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ. ನಾನು ಆ ನಾಲ್ಕು ವಾಕ್ಯಗಳನ್ನು ಹೇಳಿದೆ. ನೋಡುವ ಅಗತ್ಯವಿರಲಿಲ್ಲ, ಬಾಯಿಪಾಠವಾಗಿದ್ದವು. ನಾಗರಕಲ್ಲು, ಬಿದ್ದ ಮನುಷ್ಯ, ನೀರು, ಹಾಲು. ಅವಳು ಸೆರಗಿನ ತುದಿಯನ್ನು ಹಿಡಿದು, ಆವತ್ತು ನಿಂತಂತೆಯೇ ನಿಂತು ಕೇಳಿದಳು.

“ಆಮೇಲೆ ಸಾ? ಆ ಮನುಷ್ಯ ಬದುಕಿದ್ನಾ?”

ಜಗಲಿಯ ಮೇಲೆ ಅಜ್ಜಿ ನನ್ನ ಮುಖ ನೋಡುತ್ತಾ ಕೂತದ್ದು, ನಾನು ಗಡಿಯಾರ ನೋಡಿಕೊಂಡದ್ದು ಎರಡೂ ಒಟ್ಟಿಗೆ ಕಣ್ಣಿಗೆ ಬಂದವು.

“ಕೇಳ್ಲಿಲ್ಲಮ್ಮ,” ಎಂದೆ.